ಗುರುಬಸಣ್ಣನ ಕೈ ಮತ್ತು ಸ್ಕಿಮ್ಮರಿನ ನೊರೆ

ಗುರುಬಸಣ್ಣನಿಗೆ ನನ್ನ ಅಂಗಡಿಯೊಳಗೆ ಪ್ರವೇಶವಿರಲಿಲ್ಲ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಅವನಿಗೂ ಗೊತ್ತಿತ್ತು. ನಾನು ಕೊಟ್ಟೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು, ಅವನು ಪಕ್ಕದ ಅಂಗಡಿಯಲ್ಲಿ ಮಿರ್ಚಿ ಕರಿಯುವವನು. ಅವನ ಕೈ ಬೆಳಗಿನಿಂದ ರಾತ್ರಿಯ ತನಕ ಎಣ್ಣೆಯಲ್ಲಿ ಮಿಂಚುತ್ತಿತ್ತು. ಬಾಗಿಲು, ಪೇಪರು, ಮಕ್ಕಳ ಗಲ್ಲ, ಮುಟ್ಟಿದ್ದಕ್ಕೆಲ್ಲ ಅವನ ಬೆರಳಿನ ಗುರುತು. ಒಮ್ಮೆ ಮದುಮಗಳೊಬ್ಬಳ ರೇಷ್ಮೆ ರವಿಕೆಯನ್ನು "ಚೊಲೊ ಹೊಲದೀಯವಾ ತಂಗಿ" ಎಂದು ಎತ್ತಿ ಹಿಡಿದು ನೋಡಿದ. ಅಲ್ಲಿಗೆ ಮುಗಿಯಿತು. ಅಂದಿನಿಂದ ಅವನು ನನ್ನ ಹೊಸ್ತಿಲಿನಾಚೆ, ಕೈ ಹಿಂದೆ ಕಟ್ಟಿಕೊಂಡು, ಹೆಡ್‌ಮಾಸ್ಟರ ಮುಂದೆ ನಿಂತವನ ಹಾಗೆ ನಿಂತು ಮಾತಾಡುತ್ತಿದ್ದ.

ಅವನ ಲೋಕದಲ್ಲಿ ಎಲ್ಲಕ್ಕೂ ಒಂದೇ ಅಳತೆ: ಹದ. ಹಿಟ್ಟಿಗೆ ಹದ, ಎಣ್ಣೆಗೆ ಹದ. ಹೊಸ ಅಧಿಕಾರಿ ಯಾರಾದರೂ ಊರಿಗೆ ಬಂದರೆ "ಇನ್ನ ಹದಕ್ಕ ಬಂದಿಲ್ಲ" ಎನ್ನುತ್ತಿದ್ದ. ಟೀವಿಯಲ್ಲಿ ಭಾಷಣ ಕೇಳಿ "ಹಿಟ್ಟು ನೀರಾತು" ಎನ್ನುತ್ತಿದ್ದ. ಕಷ್ಟದ ಪ್ರಶ್ನೆ ಕೇಳಿದರೆ ಮಾತ್ರ ಮಾತೇ ಇಲ್ಲ, ಪೇಪರಿನಲ್ಲಿ ಎರಡು ಮಿರ್ಚಿ ಸುತ್ತಿ ಮುಂದೆ ಚಾಚುತ್ತಿದ್ದ. ಬಾಯಿ ತುಂಬಿದವರು ಮರುಪ್ರಶ್ನೆ ಹಾಕುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಹಾಗಾದರೆ ಅವನು ಜಾಣನೋ? ಅದೇ ನನಗೆ ಇವತ್ತಿಗೂ ತಿಳಿಯದ್ದು. ಮುಂದಿನದನ್ನು ಓದಿ ನೀವೇ ಹೇಳಿ.

ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಸವಿತಾ. ಮಂಗಳೂರಿಗೆ ಕೊಟ್ಟಿದ್ದ. ಗಂಡ ಸರಿಯಿರಲಿಲ್ಲ. ವಿವರ ನನಗೂ ಬೇಡ, ನಿಮಗೂ ಬೇಡ. ಅಲ್ಲಿದ್ದಾಗ ಅವಳು ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದಿಳಿದಳು. ಹೆಗಲಿಗೆ ಬಟ್ಟೆಯ ಬ್ಯಾಗು, ಕೈಯಲ್ಲಿ ಥರ್ಮಾಕೋಲ್ ಡಬ್ಬಿ. ಡಬ್ಬಿಯಲ್ಲಿ ಹೆಬ್ಬೆರಳುದ್ದದ ಎರಡು ಸಮುದ್ರದ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆ, ಜೊತೆಗೆ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದಿಷ್ಟು ಸಮುದ್ರದ ಕಲ್ಲು. ಅಂಗಡಿಯ ಮೇಲಿನ ಕೋಣೆ ಸೇರಿದಳು, ಮೀನನ್ನು ಬಕೆಟ್ಟಿನಲ್ಲಿ ಬಿಟ್ಟು ಗಾಳಿ ಮೋಟರು ಹಚ್ಚಿದಳು. ಆಮೇಲೆ ಕೆಳಗೆ ಇಳಿಯಲೇ ಇಲ್ಲ.

ಇಳಿದರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತು, ನಮಗೂ ಗೊತ್ತು. ಮೆಟ್ಟಿಲ ಬುಡದಲ್ಲೇ ಯಾರಾದರೊಬ್ಬರು "ಯಾವಾಗ ಬಂದ್ಯವಾ? ಮತ್ತ ಯಾವಾಗ ಹೋಗ್ತಿ?" ಎಂದು ಕೇಳೇ ಕೇಳುತ್ತಾರೆ. ಊಟದ ತಟ್ಟೆ ಮೇಲೆ ಹೋಗುತ್ತಿತ್ತು, ಅರ್ಧ ಹಾಗೇ ಕೆಳಗೆ ಬರುತ್ತಿತ್ತು. ವಾರ ಹೋಯಿತು, ತಿಂಗಳು ಹೋಯಿತು. ಗುರುಬಸಣ್ಣ ಒಂದು ಮಧ್ಯಾಹ್ನ ನನ್ನ ಹೊಸ್ತಿಲಿನಾಚೆ ನಿಂತ.

"ತಂಗಿ, ಆಕಿ ಖುಷಿಯಾಗಿರೋದು ಆಮ್ಯಾಲಿನ ಮಾತು. ಕೆಳಗ ಇಳದ್ರ ಸಾಕವಾ ನನಗ."

"ಬೈದು ಇಳಿಸಣ್ಣ."

"ಬೈದ್ರ ಇಳಿತಾಳ. ಮತ್ತ ಹತ್ತಿ ಹೋಗ್ತಾಳ."

ಸ್ವಲ್ಪ ದಿನಕ್ಕೆ ದಾವಣಗೆರೆಯಿಂದ ಮೀನಿನ ಗಾಜಿನ ತೊಟ್ಟಿ ಬಂತು, ಅದರ ಯಂತ್ರ, ಸಮುದ್ರದ ಉಪ್ಪಿನ ಪೊಟ್ಟಣದ ಸಮೇತ. ಮೇಲಿನ ಕೋಣೆಗೆ ಹೋಗುತ್ತದೆ ಎಂದುಕೊಂಡೆ. ಗುರುಬಸಣ್ಣ ಅದನ್ನು ಅಂಗಡಿಯ ಒಳಕೋಣೆಯಲ್ಲಿ, ಗಿರಾಕಿಗಳು ಕೂತು ತಿನ್ನುವ ಬೆಂಚಿನ ಪಕ್ಕ ಇಡಿಸಿದ. "ಮಾಳಿಗಿ ಅಷ್ಟು ಭಾರ ತಡಿಯಂಗಿಲ್ಲ" ಎಂದ. ಕಡ್ಲಿಹಿಟ್ಟಿನ ಚೀಲ, ಎಣ್ಣೆ ಡಬ್ಬಿ, ಮಂಡಕ್ಕಿ ಮೂಟೆ ಎಲ್ಲವನ್ನೂ ಅದೇ ಮಾಳಿಗೆಯ ಮೇಲೆ ಒಟ್ಟಿದ್ದವನು ಇವನೇ. ನನ್ನ ಗೊಂದಲ ಅಲ್ಲಿಂದಲೇ ಶುರು.

ತೊಟ್ಟಿ ತುಂಬಿಸುವುದೊಂದು ತಮಾಷೆ. ನಮ್ಮ ಓಣಿಯ ಬೋರಿನ ನೀರು ಸವಳು. ಆ ಉಪ್ಪು ತೆಗೆದ ಫಿಲ್ಟರ್ ನೀರಿಗಾಗಿ ನಾವೆಲ್ಲ ಕ್ಯಾನು ಹಿಡಿದು ಸಾಲು ನಿಲ್ಲುತ್ತೇವೆ. ಗುರುಬಸಣ್ಣ ಅದೇ ಫಿಲ್ಟರ್ ನೀರನ್ನು ಕ್ಯಾನುಗಟ್ಟಲೆ ತಂದು ಸುರಿದ. ಸವಿತಾ ಇಳಿದು ಬಂದು ಅದಕ್ಕೆ ಮತ್ತೆ ಉಪ್ಪು ಹಾಕಿದಳು. ಹೌದು, ಇಳಿದು ಬಂದಳು. ನೈಟಿಯ ಮೇಲೊಂದು ಟವೆಲ್ ಹೊದ್ದು, ಯಾರ ಮುಖವನ್ನೂ ನೋಡದೆ.

"ನಮ್ಮ ಬೋರಿನ ನೀರಾಗ ಉಪ್ಪೈತಲ್ಲವಾ, ಅದನ್ನ ಹಾಕಿದ್ರ ಆಗ್ತಿತ್ತು" ಎಂದ ಗುರುಬಸಣ್ಣ.

"ಅಪ್ಪಾ, ಅದು ಬ್ಯಾರೆ ಉಪ್ಪು."

"ಉಪ್ಪಿನಾಗೂ ಜಾತಿ ಅದಾವೇನು?"

ಸವಿತಾ ನಗಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಸ್ಕಿಮ್ಮರ್ ನಿಲ್ಲಿಸುತ್ತಿದ್ದಳು. ಅದನ್ನು ನೋಡದವರಿಗೆ ಹೇಳುತ್ತೇನೆ: ಕುತ್ತಿಗೆ ಉದ್ದವಾದ ಪ್ಲಾಸ್ಟಿಕ್ ಹೂಜಿ, ತಲೆಯ ಮೇಲೆ ಮುಚ್ಚಳದ ಬಟ್ಟಲು. ಬುಡದ ಮೋಟರು ನೀರಿಗೆ ಗಾಳಿ ಬೆರೆಸಿ ಹಾಲಿನಂಥ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಮೀನಿನ ಹೇಲು, ತಿಂದು ಬಿಟ್ಟ ಆಹಾರದ ಜಿಡ್ಡು ಆ ಗುಳ್ಳೆಗೆ ಅಂಟಿ ನೊರೆಯಾಗಿ ಕುತ್ತಿಗೆಯಲ್ಲಿ ಏರಿ ಬಟ್ಟಲಿಗೆ ಬೀಳುತ್ತದೆ. ಪಕ್ಕದಲ್ಲೊಂದು ತಿರುಪು. ಒಂದು ಕಡೆ ತಿರುಗಿಸಿದರೆ ಹೂಜಿಯೊಳಗಿನ ನೀರು ಮೇಲೇರಿ ತೆಳ್ಳಗಿನ ನೊರೆ ಬಟ್ಟಲಿಗೆ ನುಗ್ಗುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ನೀರು ಇಳಿದು ನೊರೆ ಗಟ್ಟಿಯಾಗುತ್ತದೆ, ಹೆಚ್ಚಾದರೆ ಮೇಲೆ ಬರುವುದೇ ಇಲ್ಲ. ಯಾವ ಕಡೆಗೆ ಯಾವುದು ಎಂದು ನನ್ನನ್ನು ಕೇಳಬೇಡಿ. ಸವಿತಾ ನನಗೆ ಎಷ್ಟೋ ಸಲ ತೋರಿಸಿದಳು, ನಾನು ಪ್ರತಿ ಸಲವೂ ತಲೆಯಾಡಿಸಿದೆ.

ಗುರುಬಸಣ್ಣ ಮಾತ್ರ ಕಣ್ಣು ಅರಳಿಸಿ ನೋಡಿದ. "ಇದಕ್ಕೂ ಹದ ಬೇಕನ್ನು" ಎಂದ.

"ಹೊಸಾದು ಐತಪ್ಪ, ಹದಕ್ಕ ಬರಾಕ ದಿನ ಬೇಕು. ನೀರು ಕುತ್ತಿಗಿ ಬುಡದ ತನಕ ಇಟ್ಟೀನಿ. ನೀನು ಮುಟ್ಟಬ್ಯಾಡ. ಎಣ್ಣಿ ಕೈ ನೀರಿಗೆ ತಾಗಿತಂದ್ರ ನೊರಿ ಕುಂತುಬಿಡತೈತಿ. ನೊರಿ ಬರಲಿಲ್ಲಂದ್ರ ಹೊಲಸೆಲ್ಲ ನೀರಾಗ ಉಳಿತೈತಿ, ಇವೆರಡೂ ಸಾಯ್ತಾವ."

ಎಷ್ಟು ಬಿಡಿಸಿ ಹೇಳಿದಳು ನೋಡಿ. ನಾನು ಅಲ್ಲೇ ನಿಂತು ಕೇಳಿದವಳು. ಅಷ್ಟು ಹೇಳಿ ಅವಳು ಮೇಲೆ ಹೋದಳು. ಮೊದಲು ಹೊಸ ಯಂತ್ರ ಹುಚ್ಚುಹುಚ್ಚಾಗಿ ಆಡಿತು. ಒಂದು ಹೊತ್ತು ಬರೀ ಗುಳ್ಳೆ, ಒಂದು ಹೊತ್ತು ಬಟ್ಟಲು ತುಂಬ ನೀರು. ಆಮೇಲೆ ಒಂದು ಬೆಳಿಗ್ಗೆ ಕುತ್ತಿಗೆಯಲ್ಲಿ ಬಿಳಿ ನೊರೆ ಕಟ್ಟಿತು. ಸಂಜೆಗೆ ನೊರೆ ಇಲ್ಲ. ಗುರುಬಸಣ್ಣ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: "ಸವೀ, ನಿನ್ನ ಮಷೀನು ಯಾಕೋ ಸಪ್ಪಗಾಗೈತಿ, ನೋಡ್ಬಾ."

ಅವಳು ಇಳಿದು ಬಂದು ಗಾಜಿನ ಮೇಲೆ ಎಣ್ಣೆಯ ಬೆರಳಿನ ಗುರುತು ನೋಡಿದಳು.

"ಕೈ ಹಾಕಿದ್ಯಾ?"

"ನೊಣ ಬಿದ್ದಿತ್ತವಾ, ತಗದೆ."

ಮತ್ತೊಂದು ಸಲ ಕೇಳಿದ್ದಕ್ಕೆ "ಮರತೆ" ಎಂದ. ಅದರ ಮುಂದಿನ ಸಲ "ತಿರುಪು ಒಂಚೂರು ಸಡ್ಲಾಗಿತ್ತು". ಅವಳು ತಿರುಪು ಸರಿಮಾಡುತ್ತಿದ್ದಳು, ನೊರೆ ಏಳುತ್ತಿರಲಿಲ್ಲ. ಎಣ್ಣೆ ತಾಗಿದ ಮೇಲೆ ಗಂಟೆಗಟ್ಟಲೆ ಕಾಯಬೇಕಂತೆ. ಕಾಯುತ್ತ ಬೆಂಚಿನ ಮೇಲೆ ಕೂರುತ್ತಿದ್ದಳು. ಗುರುಬಸಣ್ಣ ಮಂಡಕ್ಕಿಯ ಪ್ಲೇಟು ತಂದಿಟ್ಟು ಬಾಣಲೆಯ ಕಡೆ ಹೋಗುತ್ತಿದ್ದ. ತೊಟ್ಟಿ ನೋಡುತ್ತ ನೋಡುತ್ತ ಅವಳ ಕೈ ಪ್ಲೇಟಿಗೆ ಹೋಗುತ್ತಿತ್ತು. ಪ್ಲೇಟು ಖಾಲಿಯಾಗುತ್ತಿತ್ತು. ನಾನು ಮಿರ್ಚಿ ಕಟ್ಟಿಸಿಕೊಳ್ಳುವ ನೆಪದಲ್ಲಿ ಬಂದು ನೋಡಿ ಹೋಗುತ್ತಿದ್ದೆ.

"ಅತ್ತಿ, ಅಪ್ಪಗ ನೀವಾದ್ರೂ ಹೇಳ್ರಿ" ಎಂದಳು ಒಂದು ದಿನ. ಅವಳು ನನ್ನನ್ನು ಅತ್ತಿ ಎಂದೇ ಕರೆಯುವುದು. ಹೇಳಿದೆ. "ಕೈ ತೊಳಕೊಂಡಾದ್ರೂ ಹಾಕಣ್ಣ" ಎಂದೂ ಹೇಳಿದೆ. ಅದನ್ನು ಅವನು ಹೇಗೆ ಕೇಳಿಸಿಕೊಂಡನೋ ಶಿವನೇ ಬಲ್ಲ.

ಸಂತೆಯ ದಿನ. ಅಂಗಡಿ ತುಂಬ ಜನ. ಒಳಗಿನಿಂದ ಯಾರೋ "ಏನ್ರೀ ಇದು" ಎಂದರು. ಹೋಗಿ ನೋಡಿದರೆ ಬಟ್ಟಲಿನ ಮುಚ್ಚಳ ಎತ್ತಿಕೊಂಡು ನೊರೆ ಉಕ್ಕುತ್ತಿದೆ. ತೊಟ್ಟಿ ದಾಟಿ, ಬೆಂಚು ದಾಟಿ, ಗಿರಾಕಿಗಳ ಚಪ್ಪಲಿಯ ಮೇಲೆಲ್ಲ ಹರಿಯುತ್ತಿದೆ. ಗುರುಬಸಣ್ಣ ಬಟ್ಟೆ ಒಗೆಯುವ ಪುಡಿಯಲ್ಲಿ ಮೊಣಕೈ ತನಕ ಉಜ್ಜಿಕೊಂಡು, ಸರಿಯಾಗಿ ತೊಳೆಯದೆ ಹಾಗೇ ಕೈ ನೀರಿಗಿಳಿಸಿದ್ದ. ಮೀನೆರಡೂ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

ಸವಿತಾ ಇಳಿದು ಬಂದದ್ದು ಗೊತ್ತಾಗಲಿಲ್ಲ. ಪ್ಲಗ್ ಕಿತ್ತಳು. ಕಲಸಿಟ್ಟಿದ್ದ ಉಪ್ಪುನೀರು ಬಕೆಟ್ಟಿನ ತಳದಲ್ಲಿ ಒಂದಿಷ್ಟಿತ್ತು, ಅದಕ್ಕೆ ಮೀನು ಹಿಡಿದು ಬಿಟ್ಟಳು. "ಸಾಲಂಗಿಲ್ಲ" ಎಂದು ಎರಡು ಕ್ಯಾನು ಎತ್ತಿಕೊಂಡು ಬೀದಿಗೆ ಓಡಿದಳು. ಚಪ್ಪಲಿ ಇಲ್ಲ, ಟವೆಲ್ ಇಲ್ಲ. ಇನ್ನೊಂದು ಕ್ಯಾನು ಹಿಡಿದು ನಾನೂ ಹಿಂದೆ ಓಡಿದೆ. ಫಿಲ್ಟರ್ ನೀರಿನ ಮುಂದೆ ಎಂದಿನಂತೆ ಸಾಲು. ಓಣಿಯ ಹೆಂಗಸೊಬ್ಬರು ಅವಳ ಮುಖ ನೋಡಿ "ಯಾವಾಗ ಬಂದ್ಯವಾ ಸವಿತಾ?" ಎಂದರು.

"ಭಾಳ ದಿನಾತು. ಸರೀರಿ ಅಕ್ಕಾರ, ಮೀನ ಸಾಯಾಕತ್ತಾವ."

ಅವರು ಸರಿದರು. ಅಷ್ಟೇ. ತಿಂಗಳುಗಟ್ಟಲೆ ಹೆದರಿಸಿದ್ದ ಪ್ರಶ್ನೆ ಒಂದು ಕ್ಯಾನು ತುಂಬುವಷ್ಟರಲ್ಲಿ ಮುಗಿದೇ ಹೋಯಿತು.

ನೀರು ಹೊತ್ತು ವಾಪಸು ಬರುವಾಗ ಗುರುಬಸಣ್ಣ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಬಾಣಲೆಯಲ್ಲಿ ಮಿರ್ಚಿ ಕಪ್ಪಾಗುತ್ತಿತ್ತು. ಒಳಗೆ ಮೀನು ಸಾಯುತ್ತಿದ್ದರೂ ಅವನು ಮೀನಿನ ಕಡೆ ನೋಡುತ್ತಿರಲಿಲ್ಲ. ಬೀದಿಯಲ್ಲಿ ಬರಿಗಾಲಲ್ಲಿ ಬರುತ್ತಿದ್ದ ಮಗಳನ್ನು ನೋಡುತ್ತಿದ್ದ. ಅವನ ಮುಖ ನಗುತ್ತಿತ್ತೋ ಅಳುತ್ತಿತ್ತೋ, ಹತ್ತಿರದಿಂದ ನೋಡಿದರೂ ನನಗೆ ಗೊತ್ತಾಗಲಿಲ್ಲ.

ಮೀನು ಉಳಿದವು. ಸವಿತಾ ಸಂಜೆಯ ತನಕ ತೊಟ್ಟಿ, ಕಲ್ಲು, ಸ್ಕಿಮ್ಮರ್ ಎಲ್ಲ ತೊಳೆದು ಹೊಸ ನೀರು ತುಂಬಿದಳು. ಓಣಿಯ ಹೆಂಗಸರು ಕ್ಯಾನು ಹೊತ್ತು ತಂದುಕೊಟ್ಟರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಗುರುಬಸಣ್ಣನನ್ನು ಬಾಣಲೆಯ ಪಕ್ಕ ಹಿಡಿದೆ.

"ಖರೆ ಹೇಳು. ಬೇಕಂತ್ಲೇ ಹಾಕಿದ್ಯಾ? ಎರಡು ಜೀವ ಹೋಗ್ತಿದ್ವು."

ಅವನು ನನ್ನ ಮುಖ ನೋಡಿದ. ಪೇಪರು ಹರಿದು ಎರಡು ಮಿರ್ಚಿ ಸುತ್ತಿದ.

"ಬಿಸಿ ಐತಿ. ತಿನ್ನು."

ಸಿಟ್ಟಿನಲ್ಲೇ ತಿಂದೆ. ಅವನು ಬೇಕಂತಲೇ ಮಾಡಿದ ಎಂದು ಅವತ್ತು ನಾನು ತೀರ್ಮಾನಿಸಿಬಿಡುತ್ತಿದ್ದೆ. ಆದರೆ ಅಂಗಡಿ ಮುಚ್ಚುವ ಹೊತ್ತಿಗೆ ಒಳಗೆ ಇಣುಕಿದೆ. ಗುರುಬಸಣ್ಣ ಕೈ ಹಿಂದೆ ಕಟ್ಟಿಕೊಂಡು ತೊಟ್ಟಿಯ ಮುಂದೆ ಬಾಗಿದ್ದ. ಮೀನಿನ ಮುಖಕ್ಕೆ ಮುಖವಿಟ್ಟು, "ತಪ್ಪಾತ್ರಪ್ಪ, ನನಗ ತಿಳಿಲಿಲ್ಲ" ಎನ್ನುತ್ತಿದ್ದ. ಮೀನಿಗೂ ಗೌರವದ ಬಹುವಚನ. ಯಾರೂ ನೋಡುತ್ತಿಲ್ಲವೆಂದು ತಿಳಿದವನು ನಾಟಕ ಯಾಕೆ ಆಡುತ್ತಾನೆ?

ಆಮೇಲೆ ಅವನು ತೊಟ್ಟಿಗೆ ಕೈ ಹಾಕಿದ್ದನ್ನು ನಾನು ನೋಡಲಿಲ್ಲ. ಬುದ್ಧಿ ಬಂತು ಎನ್ನಿ, ಕೆಲಸ ಮುಗಿಯಿತು ಎನ್ನಿ. ಸ್ಕಿಮ್ಮರ್ ತಾನೇ ಹದಕ್ಕೆ ಬಂತು. ಬಟ್ಟಲಲ್ಲಿ ಕಡು ಚಹಾದಂಥ ಹೊಲಸು ಕೂಡುತ್ತಿತ್ತು, ನಾತ ಹೇಳಬಾರದು. ಸವಿತಾ ಅದನ್ನು ಗಿರಾಕಿಗಳ ನಡುವೆಯೇ ಹಿಡಿದು ಬಂದು ಚರಂಡಿಗೆ ಚೆಲ್ಲುತ್ತಿದ್ದಳು. ಚೆಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಿದ್ದಳು. ಮಾಳಿಗೆ ಬರೀ ಮಲಗುವುದಕ್ಕಾಯಿತು.

ಹೋದ ಚಳಿಗಾಲದಲ್ಲಿ ಗುರುಬಸಣ್ಣ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡ. ದಾವಣಗೆರೆಗೆ ಕರೆದೊಯ್ದರು. ಹರಪನಹಳ್ಳಿ ದಾಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಜಾಣನೋ ಪೆದ್ದನೋ ಎಂದು ಕೇಳಲು ಅವನೇ ಇಲ್ಲದಂತಾಯಿತು.

ಅಂಗಡಿ ಮುಚ್ಚುತ್ತದೆ ಎಂದು ಊರು ಮಾತಾಡಿತು. ಕರ್ಮ ಮುಗಿದ ಮೇಲೆ ಸವಿತಾ ಬಾಣಲೆ ಹಚ್ಚಿದಳು. ಬೀದಿಗೆ ಮುಖ ಮಾಡಿ ನಿಂತು ಕರಿಯುತ್ತಾಳೆ. ಮೊದಮೊದಲು ಹಿಟ್ಟು ನೀರಾಗುತ್ತಿತ್ತು, ಈಗ ಪರವಾಗಿಲ್ಲ.

ಮೊನ್ನೆ ಕರೆಂಟು ಹೋಗಿ ಬಂದ ಮೇಲೆ ಸ್ಕಿಮ್ಮರ್ ಸಪ್ಪಗಾಯಿತಂತೆ. ಗೋಡೆಯಾಚೆಯಿಂದ ಕೂಗಿದಳು: "ಅತ್ತಿ, ಒಂದೀಟು ಬರ್ರಿ. ನನ್ನ ಕೈಯೆಲ್ಲ ಎಣ್ಣಿ, ನಾ ಹಾಕಂಗಿಲ್ಲ."

ಹೋದೆ. ತೋಳು ಏರಿಸಿ ತೊಟ್ಟಿಗೆ ಕೈ ಇಳಿಸಿದೆ. ತಣ್ಣಗಿತ್ತು. ಮೀನೆರಡೂ ಬಂದು ಬೆರಳು ಮೂಸಿದವು. ಬಾಣಲೆಯ ಮುಂದೆ ಜನ ಮುತ್ತಿದ್ದರು. ಆ ಗದ್ದಲದಲ್ಲೇ ಕೇಳಿಬಿಟ್ಟೆ.

"ಸವೀ, ನಿಮ್ಮಪ್ಪ ಆವಾಗೆಲ್ಲ ಬೇಕಂತ್ಲೇ ಕೈ ಹಾಕ್ತಿದ್ನೇನವಾ?"

ಅವಳ ಕೈಯ ಜಾಲರಿ ಸೌಟು ಬಾಣಲೆಯ ಮೇಲೆ ನಿಂತಿತು.

"ನಾನು ನಿಮ್ಮನ್ನ ಕೇಳಬೇಕಂತಿದ್ದೆ ಅತ್ತಿ. ನಿಮಗ ಹೇಳಿರ್ತಾನ ಅನ್ಕೊಂಡಿದ್ದೆ."

ಒಬ್ಬ ಗಿರಾಕಿ "ನಮ್ದು ಕೊಡವಾ" ಎಂದ. ಅವಳು ಎಣ್ಣೆ ಬಸಿದು ಮಿರ್ಚಿ ಅವನ ಪ್ಲೇಟಿಗೆ ಹಾಕಿದಳು.

"ತಿರುಪು ಎತ್ತಾಗ ತಿರುವ್ಲಿ?" ಎಂದೆ.

"ಒಂಚೂರು ಎಡಕ್ಕ. ಏರಲಿಲ್ಲಂದ್ರ ಬಲಕ್ಕ."

ತಿರುವಿದೆ. ಕುತ್ತಿಗೆಯೊಳಗೆ ಬಿಳಿಯದೇನೋ ಅಲುಗಾಡಿತು. ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯದೆ, ನೀರಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ.