ಆಮೆಯ ಚಿತ್ರಕ್ಕೆ ನಕ್ಕವರು

ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವವರೇ ನಮ್ಮ ಗಿರಾಕಿಗಳು. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ನಾವು ನಾಲ್ವರು ಕೃತಕ ಹಲ್ಲು ಮಾಡುತ್ತೇವೆ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವವನು ನಾನು. ಹಲ್ಲು ಸುಡುವ ಕುಲುಮೆಗೆ ಒಬ್ಬ, ಪೊಟ್ಟಣ ಕಟ್ಟಿ ಕಳಿಸಲು ಒಬ್ಬಳು. ನಾಲ್ಕನೆಯವಳು ಕುಂಚದವಳು, ಕೂದಲೆಳೆಯಷ್ಟು ತುದಿಯಲ್ಲಿ ಪಿಂಗಾಣಿ ಲೇಪ ಎತ್ತಿ, ಪದರದ ಮೇಲೆ ಪದರ ಕೂರಿಸಿ ಹಲ್ಲಿಗೆ ಜೀವ ತರುವವಳು. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸಾಕಿದ್ದು ಅವಳ ಆ ಬಲಗೈ. ಈಗ ಆ ಕೈಗೇ ಕುತ್ತು ಬಂದಿದೆ, ಅದರಲ್ಲಿ ನನ್ನ ಪಾಲೂ ಇದೆ.

ಫೋನಿನಲ್ಲಿ ಪ್ರತಿ ಶುಕ್ರವಾರ ಬರುವ ಒಂದು ಚಿತ್ರಕಥೆಯ ಹುಚ್ಚು ನಮಗೆ ಹಿಡಿಸಿದವಳು ಅವಳೇ. ಒಂದು ಕಚೇರಿ, ಅಲ್ಲಿ ಪ್ರಾಣಿಗಳೇ ಗುಮಾಸ್ತರು. ಒತ್ತಡ ಹೆಚ್ಚಿದರೆ ಹುಂಜ ಕೂಗಾಡುತ್ತದೆ, ಅಳಿಲು ಸಿಕ್ಕಿದ್ದೆಲ್ಲ ತಿನ್ನುತ್ತದೆ, ಆಮೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಕತ್ತೆ ಮಾತ್ರ ‘ಕೊಡಿ, ನಾನು ಮಾಡ್ತೀನಿ’ ಎಂದು ಎಲ್ಲರ ಹೊರೆಯನ್ನೂ ಬೆನ್ನಿಗೇರಿಸಿಕೊಳ್ಳುತ್ತದೆ. ಕೆಳಗೆ ಸಾವಿರಾರು ಜನ ‘ಅಯ್ಯೋ, ಇದು ನಾನೇ’ ಎಂದು ಬರೆದಿರುತ್ತಾರೆ. ಮಾಡಲು ಕೆಲಸವಿಲ್ಲದವರು ಎಂದು ಮೊದಲ ವಾರ ಬೈದೆ. ಮೂರನೇ ವಾರ ನಾನೂ ಬರೆದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಮ್ಮಲ್ಲಿ ಯಾರು ಯಾವ ಪ್ರಾಣಿ ಎಂದು ಯಾರೂ ಹೇಳಬೇಕಾಗಲಿಲ್ಲ. ನಾನು ಹುಂಜ. ಪೊಟ್ಟಣದವಳು ಅಳಿಲು. ಕೆಲಸ ತಲೆಮೇಲೆ ಬಂದಾಗ ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಳ್ಳುವ ಕುಲುಮೆಯವನು ಆಮೆ. ಕತ್ತೆ ಎಂಬ ಬಿರುದನ್ನು ಕುಂಚದವಳು ನಕ್ಕೇ ಒಪ್ಪಿಕೊಂಡಳು. ಅಲ್ಲಿಂದ ನಮ್ಮ ನಡುವೆ ಮಾತು ಕಡಿಮೆಯಾಗಿ ಚಿತ್ರ ಹೆಚ್ಚಾಯಿತು. ಯಜಮಾನರು ಬೈದರೆ ನಾನು ಫೋನಿನ ಗುಂಪಿಗೆ ಹುಂಜದ ಚಿತ್ರ ಕಳಿಸುವುದು, ಉಳಿದವರು ನಗುವುದು. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು ಎನ್ನುವುದೂ ಸುಳ್ಳಲ್ಲ.

ಹೋದ ತಿಂಗಳು ಅವಳ ಕತ್ತೆತನ ಮಿತಿ ಮೀರಿತು. ನನ್ನ ಅಚ್ಚು ತೊಳೆದಳು, ಪೊಟ್ಟಣ ಕಟ್ಟಿದಳು, ನೆಲ ಒರೆಸಿದಳು, ಕೂತಲ್ಲಿಗೇ ಚಹಾ ತಂದುಕೊಟ್ಟಳು. ಬೇಡ ಅಂದವರು ಯಾರು? ಅವಳ ಸ್ವಂತ ಮೇಜಿನ ಮೇಲೆ ಲೇಪ ಕಾಣದ ಹಲ್ಲುಗಳ ತಟ್ಟೆಗಳು ಒಂದರ ಮೇಲೊಂದು ಏರುತ್ತಿದ್ದುದು ನನ್ನ ಕಣ್ಣಿಗೂ ಬಿದ್ದಿತ್ತು. ಪಾಪ, ನಮ್ಮ ಕೆಲಸ ಮಾಡಿ ಮಾಡಿ ಅವಳದು ಉಳಿದುಹೋಯಿತು ಎಂದುಕೊಂಡು ಸುಮ್ಮನಾದೆ.

ಅದೇ ತಿಂಗಳಲ್ಲಿ ಮೂರು ಸಲ ಅವಳಿಂದ ಗುಂಪಿಗೆ ಆಮೆಯ ಚಿತ್ರ ಬಂತು. ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ಕೂತ ಆಮೆ. ಜೊತೆಗೆ ಒಂದಕ್ಷರವೂ ಇಲ್ಲ. ನಮಗೆ ಆಮೆ ಅಂದರೆ ಕುಲುಮೆಯವನು. ಅವನು ಮತ್ತೆ ಚಿಲಕ ಹಾಕಿಕೊಂಡಿದ್ದಾನೆ, ಇವಳು ಕಾಲೆಳೆಯುತ್ತಿದ್ದಾಳೆ ಎಂದು ಬಿದ್ದು ಬಿದ್ದು ನಕ್ಕೆವು. ಪುಣ್ಯಾತ್ಮ, ಅವನೂ ನಕ್ಕ.

ಮಂಗಳವಾರ ಯಜಮಾನರು ಬಂದರು. ಒಬ್ಬ ಗಿರಾಕಿಯ ಮುಂದಿನ ಆರು ಹಲ್ಲು ಸಂಜೆಯೊಳಗೆ ಬೇಕು, ತಮ್ಮೆದುರೇ ಮುಗಿಯಲಿ ಎಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವಳು ಕುಂಚ ಎತ್ತಿದಳು. ಅದರ ತುದಿ ತಟ್ಟೆಯ ಅಂಚಿಗೆ ತಾಗಿತು, ಅವಳದೇ ಹೆಬ್ಬೆರಳಿಗೆ ತಾಗಿತು, ಹಲ್ಲಿಗೆ ಮಾತ್ರ ತಾಗಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದಳು. ಆಗ ಎರಡೂ ನಡುಗಿದವು. ಯಜಮಾನರು ಕೆಟ್ಟವರಲ್ಲ, ಬೈಯಲಿಲ್ಲ. ಎದ್ದು ಪಕ್ಕದ ಕೋಣೆಗೆ ಹೋಗಿ, ಕುಂಚದ ಕೆಲಸಕ್ಕೆ ಯಾರಾದರೂ ಕೂಡಲೇ ಸಿಗುತ್ತಾರಾ ಎಂದು ಯಾರಿಗೋ ಫೋನು ಮಾಡಿದರು. ನಮಗೆಲ್ಲ ಕೇಳಿಸಿತು. ಅವಳ ಮೇಜಿನ ತಟ್ಟೆಗಳು ತಿಂಗಳಿಂದ ಏಕೆ ಏರುತ್ತಿದ್ದವು ಎಂದು ಆಗ ನನಗೆ ಹೊಳೆಯಿತು.

ಹಳೆಯ ಅಚ್ಚುಗಳನ್ನು ತುಂಬಿಡುವ ಉಗ್ರಾಣದಲ್ಲಿ ಅವಳು ಬಾಗಿಲು ಹಾಕಿಕೊಂಡು ಕೂತಿದ್ದಳು. ನಾನು ಬಾಗಿಲು ತಳ್ಳಿಕೊಂಡು ಹೋದವನೇ ಕೂಗಾಡಿದೆ; ಹುಟ್ಟುಗುಣ ಎಲ್ಲಿ ಹೋಗಬೇಕು? ತಿಂಗಳಿಂದ ಕೈ ನಡುಗುತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ ಎಂದೆ. ಆಗಲೇ ಹೇಳಿದ್ದರೆ ವೈದ್ಯರಿಗೆ ತೋರಿಸುತ್ತಿದ್ದೆವು, ನಾಲ್ಕು ದಿನ ನಾವು ಹೇಗೋ ಸಂಭಾಳಿಸುತ್ತಿದ್ದೆವು, ಯಜಮಾನರ ಕಿವಿಗೂ ಮೆಲ್ಲಗೆ ಹಾಕುತ್ತಿದ್ದೆವು ಎಂದೆ. ನನ್ನ ಮಾತು ಮುಗಿಯುವವರೆಗೂ ಅವಳು ಕಾದಳು.

“ಹೇಳ್ದೆನಲ್ಲ ಅಣ್ಣ. ಮೂರು ಸಲ ಹೇಳ್ದೆ. ನೀವು ನಕ್ರಿ.”

“ಅದು ಅವ್ನಿಗೆ ಕಳ್ಸಿದ್ದು ಅಂದ್ಕೊಂಡೆ ಕಣಮ್ಮ.”

“ಮೂರು ಸಲನೂ ನಾನು ಇಲ್ಲೇ ಕೂತಿದ್ದೆ. ಕೊನೇ ಸಲ ನೀವು ‘ಬಾಗ್ಲು ತಟ್ಟಲಾ’ ಅಂತ ಬರೆದ್ರಿ. ತಟ್ತೀರೇನೋ ಅಂತ ಕಾಯ್ತಾ ಇದ್ದೆ.”

ಬರೆದದ್ದು ನಿಜ. ಪಾಯಿಖಾನೆಯ ಬಾಗಿಲೆಂದುಕೊಂಡು ತಮಾಷೆಗೆ ಬರೆದಿದ್ದೆ. ಬರೆದು, ಫೋನನ್ನು ಜೇಬಿಗೆ ಹಾಕಿ, ಅವಳು ತೊಳೆದಿಟ್ಟಿದ್ದ ಅಚ್ಚಿಗೆ ಪ್ಲಾಸ್ಟರ್ ಸುರಿಯಲು ಹೋಗಿದ್ದೆ.