ಊರಿನ ಅಳಿಯನಿಗೆ ಎತ್ತಿದ ಕೈಗಳು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಚುನಾವಣೆಗಳನ್ನು ನಾನು ಪತ್ರಿಕೆಗೆ ವರದಿ ಮಾಡುತ್ತ ಬಂದಿದ್ದೇನೆ, ವಿಧಾನಸಭೆಯಿಂದ ಹಿಡಿದು ಹಾಲಿನ ಸೊಸೈಟಿಯವರೆಗೆ. ನಾನೇ ಅಭ್ಯರ್ಥಿಯಾಗಿ ನಿಂತದ್ದು ಒಂದೇ ಸಲ, ಅದೂ ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿಯೂ ಆಗದ ಚುನಾವಣೆಗೆ. ಸರ್ಕಾರಿ ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷ ಸ್ಥಾನಕ್ಕೆ.

ಶಾಲೆ ಇರುವುದು ಚಿನಕುರಳಿಯಿಂದ ಒಳಕ್ಕೆ, ನನ್ನ ಹೆಂಡತಿಯ ತವರೂರಿನಲ್ಲಿ. ಅವಳು ತೀರಿಕೊಂಡ ಮೇಲೆ ಬಾಬುರಾಯನಕೊಪ್ಪಲಿನ ಬಾಡಿಗೆ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಅತ್ತೆಯ ಮನೆಗೆ ಬಂದೆ. ನಾನು ಸುದ್ದಿಗೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಊರಿನಲ್ಲಿ ಓರಗೆಯವರಿಗೆ ನಾನು ಬಾವ, ಹಿರಿಯರಿಗೆ ಅಳಿಮಯ್ಯ. ಜಗಲಿಯ ಮೇಲೆ ಕೂತವರು ನನ್ನನ್ನು ಕಂಡರೆ ಎದ್ದು ಜಾಗ ಕೊಡುತ್ತಿದ್ದರು. ನಾನು ಕೂತ ಮೇಲೆ ಅವರ ಮಾತು ಸ್ವಲ್ಪ ಹೊತ್ತು ನಿಂತು, ಆಮೇಲೆ ನಾಲೆಯ ನೀರಿನ ಕಡೆಗೆ ತಿರುಗುತ್ತಿತ್ತು.

ಮಗಳಿಗೆ ಓದಲು ಕಲಿಸಿದ್ದು ಅವಳ ತಾಯಿ, ಬಸ್ಸಿನ ಬೋರ್ಡು, ಅಂಗಡಿಯ ಹೆಸರು ತೋರಿಸಿ ತೋರಿಸಿ. ತಾಯಿ ಹೋದ ಮೇಲೆ ಮಗಳ ಮಾತು ಕಡಿಮೆಯಾಯಿತು. ಸಂಜೆ ಅಜ್ಜಿಗೆ ಕನ್ನಡ ಪಾಠ ಗಟ್ಟಿಯಾಗಿ ಓದಿ ಹೇಳುವಾಗ ಮಾತ್ರ ಮನೆಯಲ್ಲಿ ಅವಳ ದನಿ ಕೇಳುತ್ತಿತ್ತು. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಿದ್ದರು. ಎರಡನೇ ತರಗತಿಯ ಕನ್ನಡ ವಿಭಾಗದಲ್ಲಿ ಅವಳೂ ಇನ್ನಿಬ್ಬರೂ ಉಳಿದಿದ್ದರು. ಬೇಸಿಗೆ ರಜೆ ಮುಗಿದ ಮೇಲೆ ಆ ಇಬ್ಬರೂ ಇಂಗ್ಲಿಷಿಗೆ ಹೋಗುವ ಮಾತಿತ್ತು. ಮಕ್ಕಳು ಸೇರದಿದ್ದರೆ ಎರಡು ವಿಭಾಗವನ್ನೂ ಕೂಡಿಸಿಬಿಡಬೇಕಾಗುತ್ತದೆ ಎಂದು ಮುಖ್ಯ ಶಿಕ್ಷಕಿ ಹೇಳಿದರು. ಇಂಗ್ಲಿಷಿನ ಕೊಠಡಿಗೆ ಹೋದರೆ ಮಗಳಲ್ಲಿ ಉಳಿದಿರುವ ದನಿಯೂ ಹೋಗುತ್ತದೆ ಎಂಬುದು ನನ್ನ ಭಯ. ಅದಕ್ಕೇ ನಿಂತೆ.

ಶನಿವಾರ ಶಾಲೆ ಬಿಟ್ಟ ಮೇಲೆ ಸಭೆ. ಎದುರಾಳಿಯಾಗಿ ನಿಲ್ಲಬೇಕಿದ್ದವನು ಹಾಲಿನ ಡೇರಿ ನೋಡಿಕೊಳ್ಳುವವನು. ನನ್ನ ಹೆಂಡತಿಯ ಜೊತೆ ಇದೇ ಶಾಲೆಯಲ್ಲಿ ಓದಿದವನು. ಎಲ್ಲ ಮಕ್ಕಳೂ ಇಂಗ್ಲಿಷಿನಲ್ಲೇ ಓದಬೇಕು ಎನ್ನುವವನು. ನಾನು ಎದ್ದದ್ದನ್ನು ನೋಡಿ ಅವನು ಪಂಚೆ ಸರಿಮಾಡಿಕೊಂಡು ಕೂತ.

"ಬಾವ ನಿಂತವ್ರೆ ಅಂದ್ಮೇಲೆ ನಾನ್ಯಾಕೆ ನಿಂತ್ಕಳ್ಳಿ, ಬುಡ್ರಪ್ಪ."

"ಕುತ್ಕಳ್ಲಾ ಕುತ್ಕೊ," ಹಿಂದಿನಿಂದ ಯಾರೋ ಕೂಗಿದರು. "ಆಲಿಗೆ ನೀರ್ ಬೆರ್ಸಿದಂಗಲ್ಲ ಸ್ಕೂಲ್ ನಡ್ಸದು!"

ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ನೇರವಾಗಿ ಕೇಳಿದೆ: ಕನ್ನಡ ವಿಭಾಗ ಉಳಿಯಬೇಕು, ಅದಕ್ಕೆ ಜೂನ್‌ನಲ್ಲಿ ಮಕ್ಕಳನ್ನು ಸೇರಿಸಬೇಕು, ಒಪ್ಪಿಗೆ ಇದ್ದವರು ಕೈ ಎತ್ತಿ. ಜಮಖಾನದ ಮೇಲಿದ್ದ ಹೆಂಗಸರ ನಡುವೆ ಒಬ್ಬ ಮುದುಕಿ, "ಅಳಿಮಯ್ಯ ಬಾಯ್ಬುಟ್ಟು ಕೇಳ್ತಾವ್ರೆ, ಎತ್ರವ್ವ ಕೈಯ" ಎಂದಳು. ಒಂದು ಕೈಯೂ ಕೆಳಗೆ ಉಳಿಯಲಿಲ್ಲ. ಅವಿರೋಧ ಆಯ್ಕೆ.

ಮನೆಯಲ್ಲಿ ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

"ಎಲ್ರೂ ಎತ್ತುದ್ರಾ?"

"ಎಲ್ಲರೂ, ಅತ್ತೆ."

"ಎತ್ದೆ ಏನ್ಮಾಡಾರು," ಎಂದು ಜರಡಿಯನ್ನು ಕುಟ್ಟಿದರು.

ಆ ಮಾತನ್ನು ನಾನು ಅಭಿನಂದನೆ ಎಂದುಕೊಂಡೆ.

ರಜೆಯಲ್ಲಿ ಮನೆಮನೆಗೆ ಹೋದೆ. ಎಲ್ಲೂ ಬಾಗಿಲಲ್ಲಿ ನಿಲ್ಲಿಸಿ ಮಾತಾಡಲಿಲ್ಲ. ಕುರ್ಚಿ ಒರೆಸಿ ಕೂರಿಸಿ, ಮಜ್ಜಿಗೆ ಕೊಟ್ಟು, "ಕಳಿಸ್ತೀವಿ ಬಾವ, ಅದ್ಕೇನಂತೆ" ಎಂದರು. ಮಗಳಿಗೆಂದು ಬಾಳೆಹಣ್ಣು ಕೈಗಿಟ್ಟರು. ಶಾಲೆ ಶುರುವಾದ ದಿನ ಕನ್ನಡದ ಮೂರನೇ ತರಗತಿಯಲ್ಲಿ ಮಗಳು ಒಬ್ಬಳೇ ಕೂತಿದ್ದಳು. ಮರುದಿನವೂ ಅಷ್ಟೆ. ವಾರ ಕಳೆದರೂ ಯಾರೂ ಬರಲಿಲ್ಲ.

ಯಾಕೆ ಯಾರೂ ಮಕ್ಕಳನ್ನು ಕಳಿಸಲಿಲ್ಲ ಎಂದು ಕ್ಯಾನು ತೊಳೆಯುತ್ತಿದ್ದ ಡೇರಿಯವನನ್ನು ಕೇಳಿದೆ. ಅವನು ನೀರು ಚೆಲ್ಲಿ ಕೈ ಒರೆಸಿಕೊಂಡ.

"ಬೇಜಾರ್ ಮಾಡ್ಕಬ್ಯಾಡಿ ಬಾವ. ಊರಳಿಯ ಸಭೇಲಿ ಎದ್ನಿಂತು ಕೇಳುದ್ರೆ ಮೊಕಕ್ಕೆ ಇಲ್ಲ ಅನ್ನಕಾಯ್ತದಾ? ಅದ್ಕೇ ಎತ್ತುದ್ವಿ. ನಮ್ ಜೊತೇಲಿ ಓದ್ದೋಳು, ಅವ್ಳೇ ನಿಂತಿದ್ದಿದ್ರೆ ಬ್ಯಾರೆ ಇತ್ತು. ನಿನ್ ಕನ್ನಡ ಸ್ಕೂಲ್ನ ನೀನೇ ಮಡಿಕ್ಕೊ ಓಗೆ ಅಂತ ಜಗಳಾಡಿ ಸೋಲುಸ್ಬುಡ್ತಿದ್ದೋ. ಅವ್ಳು ಬುಟ್ಟಾಳಾ? ಬಾಗ್ಲುಬಾಗ್ಲಲ್ಲೂ ನಿಂತು ಬೈದು ನಾಕ್ ಮಕ್ಳನ್ನಾದ್ರೂ ಎಳ್ಕಂಡ್ ಬರೋಳು. ನಿಮ್ ತಾವ ಅಂಗೆ ಜಗಳ ಆಡಕಾಯ್ತದಾ?"

ನನ್ನ ಕಸುಬಿನಲ್ಲಿ ಎತ್ತಿದ ಕೈ ಎಂದರೆ ಮತ. ಇಲ್ಲಿ ಅದು ಮಜ್ಜಿಗೆಯ ಲೋಟದ ಹಾಗೆ, ಬಂದವನಿಗೆ ಸಲ್ಲಿಸುವ ಮರ್ಯಾದೆ. ಬಂದವನು ಎಂದು ವರ್ಷಗಳ ಮೇಲೂ ನನ್ನನ್ನು ಎಣಿಸುತ್ತಿದ್ದರು. ಅವಳ ಜೊತೆ ಜಗಳವಾಡುತ್ತಿದ್ದ ಊರು ನನ್ನ ಜೊತೆ ಜಗಳವಾಡಲು ಇಷ್ಟಪಡುತ್ತಿರಲಿಲ್ಲ.

ಅಂದು ಸಂಜೆ ಮಗಳು ಓದಲು ಕೂರಲಿಲ್ಲ. ಅಜ್ಜಿ ಕರೆದಾಗ, "ಮಿಸ್ಸು ನನ್ನೊಬ್ಬಳಿಗೇ ಪಾಠ ಮಾಡ್ತಾರೆ, ಅವರಿಗೂ ಬೇಜಾರು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲರೂ ಇರೋ ಆ ರೂಮಲ್ಲಿ ಕೂತ್ಕೊಳ್ಳಲಾ ಅಪ್ಪ?" ಎಂದಳು. ಎಷ್ಟೋ ದಿನಗಳ ಮೇಲೆ ಅವಳಾಗಿಯೇ ಕೇಳಿದ್ದು ಅದು.

ಸಮಿತಿಯ ಸಭೆ ಕರೆದೆ. ಮಕ್ಕಳು ಬಾರದ ಕಾರಣ ಕನ್ನಡ ವಿಭಾಗವನ್ನು ಕೂಡಿಸುವ ವಿಷಯವನ್ನು ಅಧ್ಯಕ್ಷನಾಗಿ ನಾನೇ ಮುಂದಿಟ್ಟು, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದೆ. ಅಲ್ಲಿದ್ದವರೆಲ್ಲ ಬಯಸಿದ್ದೂ ಅದನ್ನೇ, ಆದರೂ ಅಳಿಯನ ಸೋಲಿಗೆ ಎಂದು ಒಂದು ಕೈಯೂ ಮೇಲೇಳಲಿಲ್ಲ. ಡೇರಿಯವನು ನೆಲ ನೋಡುತ್ತಿದ್ದ. ಮುಖ್ಯ ಶಿಕ್ಷಕಿ ಪೆನ್ನು ಹಿಡಿದು ಕಾಯುತ್ತಿದ್ದರು. ಪಕ್ಕದ ಕೊಠಡಿಯಲ್ಲಿ ಮಕ್ಕಳು ಒಟ್ಟಿಗೆ ಏನನ್ನೋ ಹೇಳುತ್ತಿದ್ದರು.

ಕೊನೆಗೆ ನಾನೇ ಕೈ ಎತ್ತಿದೆ. ಸ್ವಲ್ಪ ಹೊತ್ತು ಅದೊಂದೇ ಇತ್ತು.