ಕಣ್ಣು ಬರೆಯುವ ಧಣಿ

ಮೇಜಿನ ಮೇಲಿನ ಯುದ್ಧದಾಟಕ್ಕೆ ಹೆಬ್ಬೆರಳುದ್ದದ ಸೈನಿಕರನ್ನು ಮಾಡಿ ಮಾರುವ ಈ ಧಣಿಯ ಕಂಪನಿ ಹುಟ್ಟಿದ್ದು ಅಕ್ಕನ ಊಟದ ಮೇಜಿನ ಮೇಲೆ. ಆಮೇಲೆ ಅದು ನಡುಮನೆ ಗೆದ್ದು, ಮಂಚ ಗೆದ್ದು, ಭಾವನನ್ನು ಬಾಲ್ಕನಿಗೆ ಅಟ್ಟಿ, ಈಗ ಮೂರಂತಸ್ತಿನ ಕಟ್ಟಡದಲ್ಲಿ ಬೀಡುಬಿಟ್ಟಿದೆ. ನಲವತ್ತು ಮಂದಿ ಕೆಲಸಕ್ಕಿದ್ದರೂ ಗೊಂಬೆಗೆ ಕಣ್ಣು ಬರೆಯುವವನು ಮಾತ್ರ ಧಣಿಯೇ. ಆಗ ಫ್ಯಾನು ತಿರುಗುವಂತಿಲ್ಲ, ಯಾರೂ ಸೀನುವಂತಿಲ್ಲ; ನಾಲಿಗೆ ಕಚ್ಚಿಕೊಂಡು ಚುಕ್ಕಿಯಿಟ್ಟವನೇ, “ಎದ್ದನಪ್ಪಾ ಮಹರಾಯ! ನೋಡ್ರೋ, ನನ್ನನ್ನೇ ಗುರಾಯಿಸ್ತಾನೆ!” ಎಂದು ಕುಣಿದಾಡುತ್ತಾನೆ. ಈಚೆಗೆ ಅವನ ಬೆರಳು ನಡುಗುತ್ತಿದೆ. ಗೊಂಬೆಗಳ ಅಚ್ಚು ಮಾಡುವ ಅಕ್ಕ ಆ ಬಗ್ಗೆ ತುಟಿ ಬಿಚ್ಚಿಲ್ಲ. ಆದರೆ ಈ ವರ್ಷದ ಹೊಸ ಸೈನ್ಯದ ಅಷ್ಟೂ ಜನರ ಶಿರಸ್ತ್ರಾಣ ಕಣ್ಣು ಮುಚ್ಚಿ ಮೂಗಿನವರೆಗೆ ಇಳಿದಿದೆ. “ಇದೇನಕ್ಕಾ?” ಎಂದ ಧಣಿ. “ಬಿಸಿಲಲ್ಲಿ ಯುದ್ಧ ಮಾಡೋರು ಕಣೋ, ಪಾಪ,” ಎಂದಳು ಅಕ್ಕ.